ಆರನೇ ಇನ್ನಿಂಗ್ಸ್‌ನ ಹದಿನೇಳು ನಿಮಿಷ

ಬೆಳಗಿನ ಎಂಟು ಗಂಟೆ ಹದಿನಾಲ್ಕು ನಿಮಿಷ. ಇದನ್ನು ನಾನು ಅಂದಾಜಿನಿಂದ ಹೇಳುತ್ತಿಲ್ಲ. ನನ್ನ ಮಾವನವರ ಸ್ಕೋರ್ ಪುಸ್ತಕದಲ್ಲಿ, ಆರನೇ ಇನ್ನಿಂಗ್ಸ್‌ನ ಕಲಂನ ಮೇಲ್ತುದಿಯಲ್ಲಿ, ಅವರದೇ ಅಕ್ಷರದಲ್ಲಿ 8-14 ಎಂದಿದೆ. ಎಂಟು ನೆಟ್ಟಗಿದೆ, ನಾಲ್ಕರ ಕಾಲು ಸರಿಯಾಗಿ ಗೆರೆಯ ಮೇಲೆ ನಿಂತಿದೆ. ಅದರ ಕೆಳಗೆ ಹಾಕಿದ ಮೊದಲ ಗುರುತು ಮಾತ್ರ ಚೌಕದ ಒಳಗಿಲ್ಲ.

ಅವತ್ತು ಶನಿವಾರ. ನನ್ನ ಗಂಡ ಮಗಳನ್ನು ಈಜು ಕ್ಲಾಸಿಗೆಂದು ಕಲ್ಲಾಂಗ್‌ಗೆ ಕರೆದುಕೊಂಡು ಹೋಗಿದ್ದರು. ಸಿಂಗಪುರದ ಹನ್ನೊಂದನೇ ಮಹಡಿಯ ನಮ್ಮ ಮನೆಯಲ್ಲಿ ನಾನು, ಮಾವ ಇಬ್ಬರೇ. ಟಿ.ವಿ.ಯಲ್ಲಿ ಅಮೆರಿಕದ ಯಾವುದೋ ಸಣ್ಣ ಊರಿನ ಬೇಸ್‌ಬಾಲ್ ಮೈದಾನ. ಕ್ಯಾಮೆರಾ ಒಂದೇ, ಗಾಳಿ ಬೀಸಿದಾಗ ಅದೂ ಅಲ್ಲಾಡುತ್ತಿತ್ತು.

ಬೇಸ್‌ಬಾಲ್ ನಮ್ಮ ಮನೆಗೆ ಬಂದದ್ದು ನನ್ನಿಂದ. ಎಂ.ಎಸ್. ಓದುವಾಗ ಎರಡು ವರ್ಷ ಅಮೆರಿಕದ ಪೂರ್ವ ಕರಾವಳಿಯ ಒಂದು ಊರಲ್ಲಿದ್ದೆ. ಆ ಊರಿನ ತಂಡ ಆಗಲೂ ಸೋಲುತ್ತಿತ್ತು, ಈಗಲೂ ಸೋಲುತ್ತಿದೆ. ಊರು ಬಿಟ್ಟೆ, ತಂಡ ಬಿಡಲಾಗಲಿಲ್ಲ. ಸಿಂಗಪುರಕ್ಕೆ ಬಂದ ಮೇಲೆ ಒಂದು ಅನುಕೂಲವೂ ಆಯಿತು. ಆಟದ ತಿಂಗಳುಗಳಲ್ಲಿ ಅಲ್ಲಿಗೂ ಇಲ್ಲಿಗೂ ಸರಿಯಾಗಿ ಹನ್ನೆರಡು ಗಂಟೆಯ ವ್ಯತ್ಯಾಸ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಆಟ ಇಲ್ಲಿ ಬೆಳಗ್ಗೆ ಏಳಕ್ಕೆ, ಕಾಫಿಯ ಜೊತೆಗೆ.

ಮಾವ ಮೈಸೂರಿನವರು. ಸರ್ಕಾರಿ ಕಚೇರಿಯ ಕೆಲಸದ ಜೊತೆಗೆ ಮೂವತ್ತು ವರ್ಷ, ಭಾನುವಾರಗಳಂದು, ಲೀಗ್ ಕ್ರಿಕೆಟ್‌ನ ಸ್ಕೋರರ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದು ಎರಡು ವರ್ಷವಾಗಿತ್ತು. ಮೊದಮೊದಲು ನನ್ನ ಆಟವನ್ನು ನೋಡಿ, ಚಿನ್ನಿದಾಂಡಿಗೆ ಯಾಕಮ್ಮಾ ಇಷ್ಟು ದೊಡ್ಡ ಮೈದಾನ ಎಂದು ಕೆಣಕುತ್ತಿದ್ದರು. ಆಮೇಲೆ ಒಂದು ದಿನ, ಈ ಆಟದಲ್ಲಿ ಎಸೆದ ಪ್ರತಿಯೊಂದು ಚೆಂಡಿಗೂ ಲೆಕ್ಕ ಇಡುತ್ತಾರೆ ಎಂದು ತಿಳಿದದ್ದೇ ಸುಮ್ಮನಾದರು. ಮಾರನೆಯ ದಿನವೇ ಲಿಟಲ್ ಇಂಡಿಯಾಗೆ ಹೋಗಿ ಚೌಕುಳಿ ಗೆರೆಯ ಉದ್ದ ಪುಸ್ತಕ, ಎರಡು ಬಣ್ಣದ ಪೆನ್ಸಿಲ್ ತಂದರು. ಗುರಿ ತಪ್ಪಿದ ಎಸೆತ ಬಾಲ್, ಅದಕ್ಕೆ ಚುಕ್ಕೆ; ಸರಿಯಾದ ಎಸೆತ ಸ್ಟ್ರೈಕ್, ಅದಕ್ಕೆ ಗೆರೆ, ಔಟಾದರೆ ಇಂಟು. ಪ್ರತಿ ಇನ್ನಿಂಗ್ಸ್ ಶುರುವಾದಾಗ ಗಡಿಯಾರ ನೋಡಿ ಹೊತ್ತು ಬರೆಯುವುದು. ಇದನ್ನು ಯಾರೂ ಕೇಳಿರಲಿಲ್ಲ. ಕ್ರಿಕೆಟ್‌ನಲ್ಲಿ ಬರೆಯುತ್ತಿದ್ದರು, ಅದಕ್ಕೇ ಇಲ್ಲೂ ಬರೆದರು.

ದೊಡ್ಡ ತಂಡದ ಸೋಲು ಬರೆದು ಬರೆದು ಬೇಸತ್ತು, ಇವರಿಗೆ ನಮ್ಮ ರಣಜಿ ಥರ ಏನೂ ಇಲ್ಲವೇ ಎಂದು ಕೇಳಿದರು. ಇದೆ ಎಂದೆ. ಪ್ರತಿ ದೊಡ್ಡ ತಂಡದ ಕೆಳಗೂ ಮೆಟ್ಟಿಲಿನ ಹಾಗೆ ನಾಲ್ಕು ಚಿಕ್ಕ ತಂಡಗಳಿರುತ್ತವೆ. ಹೊಸಬರು ಕೆಳಗಿನ ಮೆಟ್ಟಿಲಲ್ಲಿ ಶುರುಮಾಡಿ ಒಂದೊಂದೇ ಹತ್ತುತ್ತಾರೆ. ಹೆಚ್ಚಿನವರು ಮಧ್ಯದಲ್ಲೇ ಕಳೆದುಹೋಗುತ್ತಾರೆ. ಮಾವ ಅವತ್ತಿನಿಂದ ದೊಡ್ಡ ತಂಡದ ಆಸೆ ಬಿಟ್ಟು ಕೆಳಗಿನ ಮೆಟ್ಟಿಲಿಗೆ ಇಳಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದವನು ಒಬ್ಬ ಎಡಗೈ ಪಿಚರ್, ಅಂದರೆ ಚೆಂಡೆಸೆಯುವವನು. ತೆಳ್ಳಗೆ, ಉದ್ದಕ್ಕೆ, ಚೆಂಡು ಎಸೆಯುವ ಮುಂಚೆ ಟೋಪಿಯನ್ನು ಎರಡು ಸಲ ಮುಟ್ಟಿಕೊಳ್ಳುವವನು. ಮಾವ ಅವನನ್ನು 'ನಮ್ಮ ಎಡಚ' ಎಂದು ಕರೆದರು. ಅವನು ಎರಡನೇ ಮೆಟ್ಟಿಲಿಗೆ ಏರಿದ ದಿನ ಮನೆಯಲ್ಲಿ ಕೇಸರಿಬಾತ್ ಆಗಿತ್ತು.

ಆ ಶನಿವಾರ ನಮ್ಮ ಎಡಚ ಐದು ಇನ್ನಿಂಗ್ಸ್ ಮುಗಿಸಿದ್ದ. ಎದುರಿನವರಿಗೆ ಒಂದೇ ಒಂದು ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಮೊದಲ ಬೇಸ್ ಮುಟ್ಟುವ ಅವಕಾಶ, ಬಿಟ್ಟುಕೊಟ್ಟಿರಲಿಲ್ಲ. ಒಂಬತ್ತೂ ಇನ್ನಿಂಗ್ಸ್ ಹಾಗೇ ಮುಗಿದರೆ ಅದಕ್ಕೆ ನೋ-ಹಿಟ್ಟರ್ ಎನ್ನುತ್ತಾರೆ. ಒಬ್ಬ ಪಿಚರ್‌ನ ಬದುಕಿನಲ್ಲಿ ಒಮ್ಮೆಯೂ ಬಾರದೆ ಇರಬಹುದಾದ ದಿನ ಅದು. ಅಂಥ ಆಟ ನಡೆಯುವಾಗ ಆ ಮಾತನ್ನು ಬಾಯಿಬಿಟ್ಟು ಹೇಳಬಾರದು ಎನ್ನುವುದು ಅಮೆರಿಕದವರ ನಂಬಿಕೆ. ತಂಡದವರು ಆ ಪಿಚರ್ ಪಕ್ಕ ಕೂರುವುದೂ ಇಲ್ಲ.

ಇದನ್ನು ಮಾವನಿಗೆ ಕಲಿಸಬೇಕಾಗಿರಲಿಲ್ಲ. ಅವರ ಮೈಸೂರಿನ ಮನೆಯಲ್ಲಿ ಮ್ಯಾಚ್ ಚೆನ್ನಾಗಿ ನಡೆಯುತ್ತಿದ್ದರೆ ಯಾರೂ ಜಾಗ ಬಿಡುವಂತಿರಲಿಲ್ಲ. ಕೊನೆಯ ಓವರುಗಳು ಮುಗಿಯುವ ತನಕ ಅತ್ತೆ ದೋಸೆಯ ಸೌಟು ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದು, ಹಂಚಿನ ಮೇಲೆ ದೋಸೆ ಕರಿಕಲಾಗಿದ್ದು ಆ ಮನೆಯಲ್ಲಿ ಹೆಮ್ಮೆಯಿಂದ ಹೇಳುವ ಕಥೆ. ನನ್ನ ಗಂಡ ಚಿಕ್ಕವರಿದ್ದಾಗ ಒಂದು ಇಡೀ ಜೊತೆಯಾಟಕ್ಕೆ ಬಚ್ಚಲುಮನೆಯಲ್ಲೇ ಕೂತಿದ್ದರಂತೆ. ಮದುವೆಯಾದ ಹೊಸದರಲ್ಲಿ ಇಂಥ ಹೊತ್ತಿನಲ್ಲಿ ನಾನೊಮ್ಮೆ ಎದ್ದು ನೀರು ಕುಡಿಯಲು ಹೋಗಿ, ವಿಕೆಟ್ ಬಿದ್ದು, ಆ ಮನೆಯ ಇಡೀ ಬಳಗ ನನ್ನನ್ನು ನೋಡಿದ ರೀತಿ ನನಗೆ ಮರೆತಿಲ್ಲ.

ಹಾಗಾಗಿ ನಾನು ಸೋಫಾದ ಎಡತುದಿಯಲ್ಲಿ, ಮಾವ ಬಲತುದಿಯಲ್ಲಿ, ಇಬ್ಬರೂ ಏಳದೆ ಕೂತಿದ್ದೆವು.

ಎಂಟು ಹದಿನಾಲ್ಕಕ್ಕೆ ಅವರು ಹೊತ್ತು ಬರೆದರು. ಮೊದಲ ಚೆಂಡು ಸ್ಟ್ರೈಕ್. ಗೆರೆ ಚೌಕದ ಹೊರಗೆ ಬಿತ್ತು. ನಾನು ನೋಡಿದೆ. ಮೂವತ್ತು ವರ್ಷ ಚೌಕದೊಳಗೇ ಗುರುತು ಹಾಕಿದ ಕೈ ಅದು. ಎರಡನೆಯದು ಪಕ್ಕದ ಕಲಂ ದಾಟಿ ಓರೆಯಾಗಿ ಜಾರಿತು. ಅವರು ಪೆನ್ಸಿಲಿನದೇ ತಪ್ಪು ಎನ್ನುವಂತೆ ಅದನ್ನು ನೋಡಿ, ಬಲಗೈಯನ್ನು ಪಂಚೆಗೆ ಒರೆಸಿಕೊಂಡು, ಮತ್ತೆ ಟಿ.ವಿ.ಯ ಕಡೆ ತಿರುಗಿದರು. ನನ್ನ ಬಾಯಿ ತೆರೆದಿತ್ತು. ಮಾವ ಎಂದು ಕರೆಯುವುದೊಂದೇ ಬಾಕಿ. ಈ ಇನ್ನಿಂಗ್ಸ್ ಮುಗಿಯಲಿ ಎಂದುಕೊಂಡೆ.

ನಮ್ಮ ಎಡಚ ಮೂವರನ್ನೂ ಔಟ್ ಮಾಡಿದ. ಆಗ ಕಾಫಿ ಬೇಕಾ ಎಂದು ಕೇಳಿದೆ. ಮಾವ ತಲೆ ಅಲ್ಲಾಡಿಸಿದರು, ಮಾತಾಡಲಿಲ್ಲ. ಕಾಫಿ ಬೇಡವೆಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದನ್ನೂ ನೋಡಿದೆ. ಅದಕ್ಕೂ ಕಾರಣ ಕಟ್ಟಿದೆ: ಟೆನ್ಷನ್ ಇರಬೇಕು. ನಮ್ಮ ತಂಡ ಬ್ಯಾಟ್ ಮಾಡಿತು. ಆ ಹೊತ್ತಿನಲ್ಲಾದರೂ ಎದ್ದು ಹತ್ತಿರ ಹೋಗಬಹುದಿತ್ತು. ಪುಸ್ತಕದಲ್ಲಿ ಆ ಭಾಗದ ಚೌಕಗಳು ಖಾಲಿ ಇವೆ. ಅವು ಖಾಲಿ ಉಳಿಯುತ್ತಿದ್ದುದೂ ನನಗೆ ಕಾಣುತ್ತಿತ್ತು.

ಏಳನೇ ಇನ್ನಿಂಗ್ಸ್‌ಗೆ ಮೈದಾನದ ನಡುವೆ ಬಂದವನು ಬೇರೆ ಯಾರೋ. ಕೋಚ್ ನಮ್ಮ ಎಡಚನನ್ನು ಹೊರಗೆ ಕೂರಿಸಿದ್ದರು. ಎಳೆಯ ಕೈ, ಇನ್ನೂ ತುಂಬ ವರ್ಷ ಬಾಳಬೇಕಾದದ್ದು. ಒಂದೇ ದಿನ ಇಷ್ಟಕ್ಕಿಂತ ಹೆಚ್ಚು ಎಸೆಯಬಾರದು ಎಂದು ಕಾಮೆಂಟೇಟರ್ ವಿವರಿಸಿದ. ನೋ-ಹಿಟ್ಟರ್ ಹೋದರೆ ಹೋಗಲಿ, ಕೈ ಉಳಿಯಲಿ ಎಂದು ಅಷ್ಟೇ. ಬೇರೆ ದಿನವಾಗಿದ್ದರೆ ಮಾವ ಆ ಕೋಚ್‌ನ ಅಜ್ಜ ಮುತ್ತಜ್ಜರನ್ನೆಲ್ಲ ಎಳೆದು ತರುತ್ತಿದ್ದರು. ಅವತ್ತು ಸುಮ್ಮನೆ ನೋಡುತ್ತಿದ್ದರು. ಪೆನ್ಸಿಲ್ ನೆಲಕ್ಕೆ ಬಿತ್ತು. ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

ನನ್ನ ಮನಸ್ಸಿಗೆ ಮೊದಲು ಬಂದ ಮಾತನ್ನು ಬರೆಯಲೇಬೇಕು. ಸದ್ಯ, ಇನ್ನು ಮಾತಾಡಬಹುದು ಎಂದುಕೊಂಡೆ.

"ಮಾವ, ಒಂಚೂರು ನಗಿ ನೋಡೋಣ," ಎಂದೆ. ಆಫೀಸಿನಲ್ಲಿ ಫಸ್ಟ್ ಏಡ್ ತರಬೇತಿಯಲ್ಲಿ ಕಲಿಸಿದ್ದರು. ಅವರು ನಕ್ಕರು. ಮುಖದ ಎಡಭಾಗ ಮಾತ್ರ ನಕ್ಕಿತು.

ಆಂಬುಲೆನ್ಸ್‌ಗೆ ಫೋನ್ ಮಾಡಿದ ಹೊತ್ತು ನನ್ನ ಮೊಬೈಲಿನಲ್ಲಿ ಈಗಲೂ ಇದೆ: ಎಂಟು ಮೂವತ್ತೊಂದು. ಯಾವಾಗಿನಿಂದ ಹೀಗಾಗಿದೆ ಎಂದು ಆ ಕಡೆಯ ಹೆಂಗಸು ಕೇಳಿದಳು. ಈಗಷ್ಟೇ, ಎಂಟೂವರೆಗೆ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಾಲಿಗೆ ತಾನೇ ಹೊರಳಿತು. ಆಂಬುಲೆನ್ಸಿನವರು ಬಂದಾಗಲೂ ಅದನ್ನೇ ಹೇಳಿದೆ, ಅವರು ಬರೆದುಕೊಂಡರು. ಲಿಫ್ಟ್‌ನಲ್ಲಿ ಇಳಿಯುವಾಗ ಮಾವ ಎಡಗೈಯಲ್ಲಿ ಸ್ಕೋರ್ ಪುಸ್ತಕ ಹಿಡಿದಿದ್ದರು. ಬಿಡಿಸಿಕೊಳ್ಳಲು ಹೋದರೆ ಬಿಡಲಿಲ್ಲ. ಕೆಳಗೆ, ಕಟ್ಟಡದ ತಳದ ತೆರೆದ ಅಂಗಳವಾದ ವಾಯ್ಡ್ ಡೆಕ್‌ನಲ್ಲಿ ಕೂತಿದ್ದ ಮುದುಕರು ಮಾತು ನಿಲ್ಲಿಸಿ ಎದ್ದು ನಿಂತರು. ಅವರಲ್ಲಿ ಒಬ್ಬರು ದಿನಾ ಮಾವನ ಜೊತೆ ವಾಕಿಂಗ್ ಮಾಡುವವರು. ಅವರ ಕಣ್ಣು ತಪ್ಪಿಸಿ ನಡೆದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಮತ್ತೆ ಅದೇ ಪ್ರಶ್ನೆ ಕೇಳಿದರು, ಆದರೆ ಬೇರೆ ರೀತಿಯಲ್ಲಿ: ಇವರು ಸರಿಯಾಗಿದ್ದದ್ದನ್ನು ನೀವು ಕೊನೆಯದಾಗಿ ಕಂಡದ್ದು ಎಷ್ಟು ಹೊತ್ತಿಗೆ? ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಔಷಧವಿದೆ, ಅದನ್ನು ಕೊಡಬಹುದೋ ಬೇಡವೋ ಎನ್ನುವುದು ಆ ಹೊತ್ತಿನ ಮೇಲೆ ನಿಂತಿದೆ, ಹೊತ್ತು ಮೀರಿ ಕೊಟ್ಟರೆ ರಕ್ತಸ್ರಾವವಾಗಬಹುದು ಎಂದರು. ಅಷ್ಟರಲ್ಲಿ ನನ್ನ ಗಂಡ ಓಡಿ ಬಂದರು. ಪಕ್ಕದಲ್ಲಿ ಮಗಳು, ಕೂದಲಿನಿಂದ ಇನ್ನೂ ನೀರು ಸೋರುತ್ತಿತ್ತು. ಅವರಿಬ್ಬರ ಎದುರಿಗೇ ನಾನು ಮಾವನ ಬೆರಳುಗಳಿಂದ ಪುಸ್ತಕ ಬಿಡಿಸಿಕೊಂಡು ಆ ಪುಟ ತೆರೆದೆ. ಈ ಅಂಕಿಯವರೆಗೆ ಸರಿ ಇದ್ದರು, ಇದರ ಮುಂದಿನ ಗೆರೆಯಿಂದ ಸರಿ ಇರಲಿಲ್ಲ, ನಾನು ನೋಡುತ್ತಿದ್ದೆ ಎಂದೆ. ಡಾಕ್ಟರ್ ಪುಟದ ಮೇಲೆ ಬಾಗಿ ಒಂದು ಗಳಿಗೆ ನೋಡಿ, ಮೊದಲು ಬರೆದಿದ್ದ ಎಂಟೂವರೆಯನ್ನು ಹೊಡೆದುಹಾಕಿ ಎಂಟು ಹದಿನಾಲ್ಕು ಎಂದು ಬರೆದುಕೊಂಡರು.

ಔಷಧ ಕೊಟ್ಟರು. ಹದಿನೇಳು ನಿಮಿಷದಿಂದ ಏನೂ ವ್ಯತ್ಯಾಸವಾಗಿಲ್ಲ ಎಂದು ಅವರು ಹೇಳಲಿಲ್ಲ. ಆಗಿದೆ ಎಂದೂ ಹೇಳಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಗಂಡ ಕೇಳಿದರು.

"ಅಷ್ಟೊತ್ತು ಏನ್ ಮಾಡ್ತಿದ್ದೆ ನೀನು?"

"ಮ್ಯಾಚ್ ನೋಡ್ತಿದ್ದೆ. ಹಿಟ್ ಆಗಿರ್ಲಿಲ್ಲ."

ಅವರು ಅದೇ ಮನೆಯಲ್ಲಿ ಬೆಳೆದವರು. ಮುಂದಕ್ಕೆ ಏನೂ ಕೇಳಲಿಲ್ಲ. ಕೇಳಿ ಬೈದಿದ್ದರೆ ಚೆನ್ನಾಗಿತ್ತು.

ಮಾವನ ಜೀವಕ್ಕೆ ಅಪಾಯವಾಗಲಿಲ್ಲ. ಮಾತು ಎರಡು ವಾರದಲ್ಲಿ ಬಂತು, ಮೊದಲು ತೊದಲಿ, ಆಮೇಲೆ ಸರಿಯಾಗಿ. ಕಾಲು ಎಳೆಯುತ್ತಿತ್ತು. ಬಲಗೈ ಮಾತ್ರ ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು. ನಾನು ಮತ್ತೆ ಆಫೀಸಿಗೆ ಹೋಗತೊಡಗಿದೆ. ನಮ್ಮ ಸ್ಟೇಷನ್‌ನಿಂದ ಆಫೀಸಿರುವ ರಾಫೆಲ್ಸ್ ಪ್ಲೇಸ್‌ಗೆ ಎಂ.ಆರ್.ಟಿ. ರೈಲಿನಲ್ಲಿ ಹದಿನೇಳು ನಿಮಿಷ. ನಾನದನ್ನು ಮೊದಲು ಎಣಿಸಿದವಳೇ ಅಲ್ಲ. ಈಗ ಹತ್ತಿದ ಕೂಡಲೇ ಕಣ್ಣ ಮುಂದೆ ಮೊದಲ ಗೆರೆ ಚೌಕದ ಹೊರಗೆ ಬೀಳುತ್ತಿತ್ತು. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಮಾವ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ನಡುದಾರಿಯಲ್ಲಿ ಕಾಫಿ ಬೇಡ ಎನ್ನುತ್ತಿದ್ದರು. ಇಷ್ಟು ಉದ್ದದ ಹೊತ್ತು, ಇಷ್ಟು ಜನ ಹತ್ತಿ ಇಳಿಯುವಷ್ಟು ಹೊತ್ತು ಸುಮ್ಮನೆ ಕೂತಿದ್ದೆನಲ್ಲ ಎಂದುಕೊಳ್ಳುತ್ತಿದ್ದೆ. ಒಂದು ದಿನ ಇಳಿಯುವುದನ್ನೇ ಮರೆತು ಮುಂದೆ ಹೋದೆ.

ರಾತ್ರಿ ಎಚ್ಚರವಾಗುತ್ತಿತ್ತು. ಅವರ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಕೇಳಿಸಿಕೊಂಡು ಬಂದು ಮಲಗುತ್ತಿದ್ದೆ. ಮತ್ತೆ ಏಳುತ್ತಿದ್ದೆ. ಬೆಳಗ್ಗೆ ಅವರು ಕಣ್ಣು ಬಿಟ್ಟ ಕೂಡಲೇ ನಗಿ ಮಾವ, ಕೈ ಎತ್ತಿ ಮಾವ ಎಂದು ಶುರು ಮಾಡುತ್ತಿದ್ದೆ. ಒಂದು ತಿಂಗಳು ಸಹಿಸಿಕೊಂಡರು. ಆಮೇಲೆ ಮಗನನ್ನು ಕರೆದು, "ಬೆಳಗಾಗೆದ್ದು ನಿನ್ನ ಹೆಂಡ್ತಿ ನಗಿ ನಗಿ ಅಂತಾಳಲ್ಲೋ, ಇದೇನ್ ಫೋಟೋ ಸ್ಟುಡಿಯೋನಾ?" ಎಂದರು. ಮನೆಯವರೆಲ್ಲ ನಕ್ಕರು. ಮಾವ ನಕ್ಕಾಗ ತುಟಿಯ ಎರಡೂ ತುದಿ ಏರಿತೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ.

ಬೇಸ್‌ಬಾಲ್ ಹಾಕಲು ನಾನು ಬಿಡಲಿಲ್ಲ. ಆದರೆ ಮಾವ ನನಗೆ ಕಾಣದಂತೆ ಮೊಮ್ಮಗಳ ಟ್ಯಾಬ್‌ನಲ್ಲಿ ನೋಡುತ್ತಿದ್ದರು. ಫಿಸಿಯೋಥೆರಪಿಯವಳು ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡಿ ಎಂದದ್ದೇ ಅವರಿಗೆ ನೆಪವಾಯಿತು. ಹೊಸ ಪುಸ್ತಕದಲ್ಲಿ ಚುಕ್ಕೆ, ಗೆರೆ, ಇಂಟು. ಎಲ್ಲ ಸೊಟ್ಟ, ಕೆಲವು ಚೌಕದ ಹೊರಗೆ. ನಾನೂ ಎಡಚನಾದೆ ಎಂದು ಮಗಳ ಹತ್ತಿರ ಹೇಳಿಕೊಂಡರಂತೆ. ನಾನೊಮ್ಮೆ ಆ ಪುಸ್ತಕ ತೆರೆದು, ಗುರುತುಗಳು ಹೊರಗೆ ಬಿದ್ದಿರುವುದನ್ನು ಕಂಡು, ಮುಚ್ಚಿಬಿಟ್ಟೆ.

ಸೆಪ್ಟೆಂಬರ್ ಹೊತ್ತಿಗೆ ದೊಡ್ಡ ತಂಡಕ್ಕೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಸೋತ ತಂಡಗಳು ಆಗ ಕೆಳಗಿನ ಮೆಟ್ಟಿಲಿನವರನ್ನು ಕರೆಸಿ ಪರೀಕ್ಷಿಸುತ್ತವೆ. ನಮ್ಮ ಎಡಚನನ್ನು ಕರೆಸಿದರು. ಅವನ ಮೊದಲ ಆಟ ನಮಗೆ ಭಾನುವಾರ ಬೆಳಗ್ಗೆ. ಆ ಒಂದು ಆಟಕ್ಕೆ ನಾನು ಬೇಡವೆನ್ನಲಾಗಲಿಲ್ಲ. ಮಗಳು ಹಿಂದಿನ ದಿನವೇ ಸೋಫಾದ ಜಾಗ ಹಂಚಿದ್ದಳು. ತಾತನಿಗೆ ಬಲತುದಿ. ನಾನು ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತೆ, ಮಾವನ ಮುಖ ಕಾಣುವ ಹಾಗೆ.

ಮೊದಲ ಇನ್ನಿಂಗ್ಸ್‌ನಲ್ಲಿ ಹಿಟ್ ಇಲ್ಲ. ಎರಡನೆಯದರಲ್ಲಿ ಇಲ್ಲ. ಮೂರರಲ್ಲೂ ಇಲ್ಲ. ನಾಲ್ಕನೆಯದು ಶುರುವಾದಾಗ ಮನೆ ಹೇಗೆ ಬದಲಾಯಿತೆಂದು ನಾನು ಬಾಗಿಲಿನಿಂದ ಕಂಡೆ. ನನ್ನ ಗಂಡ ಅಲ್ಲಾಡುತ್ತಿರಲಿಲ್ಲ. ಮಗಳು ಕಾಲು ಮಡಿಚಿದವಳು ಮಡಿಚಿದಂತೆಯೇ ಇದ್ದಳು. ಮಾವ ಬಾಯಿ ಮುಚ್ಚಿ, ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಪರದೆಗೆ ಕಣ್ಣು ನೆಟ್ಟಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಆ ಮೌನ ನನಗೆ ಗೊತ್ತಿತ್ತು. ಮಾವ ಸುಮ್ಮನೆ ಕೂತಿದ್ದಾರೋ, ಅಥವಾ ಮತ್ತೆ ಏನೋ ಆಗಿ ಹಾಗೆ ಕೂತಿದ್ದಾರೋ ಎನ್ನುವುದು ಹೊರಗಿನಿಂದ ಹೇಗೆ ಗೊತ್ತಾಗಬೇಕು?

ಪಿಚರ್ ಟೋಪಿಯನ್ನು ಎರಡು ಸಲ ಮುಟ್ಟಿಕೊಂಡ.

"ಮಾವ, ಕೈ ಎತ್ತಿ," ಎಂದೆ.

ಅವರು ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಎತ್ತಿದರು, ಆಮೇಲೆ ಬಲಗೈಯನ್ನು ಎದೆಯ ಮಟ್ಟಕ್ಕೆ. ಅಷ್ಟೇ ಅದು ಏರುತ್ತಿದ್ದದ್ದು. ಆಗಲೇ ಬ್ಯಾಟಿನ ಸದ್ದು ಕೇಳಿತು. ಚೆಂಡು ಬೇಲಿ ದಾಟಿ ಜನರ ನಡುವೆ ಬಿತ್ತು.

"ಅಮ್ಮಾ, ನಿನ್ನಿಂದಲೇ ಲಾ," ಎಂದಳು ಮಗಳು, ಸಿಂಗಪುರದ ಮಕ್ಕಳ ಧಾಟಿಯಲ್ಲಿ. ಅವಳಪ್ಪ ದಿಂಬಿನಲ್ಲಿ ಮುಖ ಮುಚ್ಚಿಕೊಂಡರು. ಮಾವ ನಗಲಿಲ್ಲ, ಬಯ್ಯಲೂ ಇಲ್ಲ. ಪುಸ್ತಕದಲ್ಲಿ ಹಿಟ್ ಬರೆದುಕೊಂಡು, ಕೋಲು ಊರಿ ಎದ್ದು, ಆಟ ನಡೆಯುತ್ತಿರುವಾಗಲೇ ನಿಧಾನಕ್ಕೆ ಅಡುಗೆಮನೆಗೆ ಬಂದರು. ನಾನು ಗ್ಯಾಸ್ ಕಟ್ಟೆಯ ಪಕ್ಕ ನಿಂತಿದ್ದೆ. ಆಗ ಹೇಳಿಬಿಟ್ಟೆ. ಅವತ್ತು ಮೊದಲ ಗೆರೆಯಿಂದಲೇ ನೋಡಿದ್ದೆ, ಗೊತ್ತಿದ್ದೂ ಸುಮ್ಮನಿದ್ದೆ ಎಂದು.

"ನನಗೂ ಗೊತ್ತಿತ್ತು ಕಣಮ್ಮಾ," ಎಂದರು. "ಕೈ ಮಾತು ಕೇಳ್ತಿಲ್ಲ ಅಂತ. ನೀನು ನೋಡ್ತಿದ್ದೆ ಅಂತಾನೂ."

ನಾನು ತಲೆ ಎತ್ತಿ ಅವರನ್ನು ನೋಡಿದೆ.

"ನೀನು ಬಾಯಿ ಬಿಡಕ್ಕೆ ಹೋಗಿ ಸುಮ್ಮನಾದೆ ನೋಡು, ಆಗ ಏನ್ ಅಂದ್ಕೊಂಡೆ ಗೊತ್ತಾ? ಪರವಾಗಿಲ್ಲ, ನಮ್ಮ ಸೊಸೆ ಕೊನೆಗೂ ಮ್ಯಾಚ್ ನೋಡೋದು ಕಲಿತಳು ಅಂತ. ಖುಷಿಯಾಯ್ತು ಕಣಮ್ಮಾ. ಇಂಥ ಬುದ್ಧಿ ನಮ್ಮದು."

ಅವರು ಕಟ್ಟೆಯ ಮೇಲೆ ಎಡಗೈ ಊರಿ ನಿಂತಿದ್ದರು. ನನಗೆ ಅಳು ಬಂತು. ಅವರು, ಕಾಫಿ ಇಡು, ಇನ್ನಿಂಗ್ಸ್ ಮಧ್ಯದಲ್ಲೇ ಕುಡಿಯೋಣ ಎಂದರು. ಹಾಲ್‌ಗೆ ಹೋಗಿ ಸೋಫಾದ ಎಡತುದಿಯಲ್ಲಿ, ನನ್ನ ಜಾಗದಲ್ಲಿ ಕೂತರು. ಪ್ರತಿ ಇನ್ನಿಂಗ್ಸ್‌ಗೂ ಎಲ್ಲರೂ ಎದ್ದು ಜಾಗ ಬದಲಿಸಬೇಕೆಂದು ಮೊಮ್ಮಗಳಿಗೆ ಅಪ್ಪಣೆಯಾಯಿತು. ಅವಳು ಗೊಣಗಿಕೊಂಡು ಎದ್ದಳು. ನಮ್ಮ ಎಡಚನಿಗೆ ಆ ಇನ್ನಿಂಗ್ಸ್‌ನಲ್ಲಿ ಇನ್ನೂ ಮೂರು ಹಿಟ್ ಬಿತ್ತು. ತಂಡ ಎಂದಿನಂತೆ ಸೋತಿತು.

ಅವತ್ತು ರಾತ್ರಿಯೇ ನಿದ್ದೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಆ ರಾತ್ರಿಯೂ ಎದ್ದೆ, ಮರುದಿನವೂ ಎದ್ದೆ. ಬಾಗಿಲಲ್ಲಿ ನಿಂತಿದ್ದಾಗ ಒಳಗಿನಿಂದ ಮಾವ, "ಉಸಿರಾಡ್ತಿದೀನಿ, ಹೋಗಿ ಮಲ್ಕೋ," ಎಂದರು. ರೈಲಿನಲ್ಲಿ ಹದಿನೇಳು ನಿಮಿಷ ಹದಿನೇಳಾಗಿಯೇ ಉಳಿದಿತ್ತು. ಈಗಲೂ ಕೆಲವು ದಿನ ಹಾಗೇ.

ಬುಧವಾರ ಕಣ್ಣು ಬಿಟ್ಟಾಗ ಕಿಟಕಿ ಪರದೆಯ ಅಂಚಿನಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ರಾತ್ರಿ ಒಂದು ಸಲವೂ ಎದ್ದಿರಲಿಲ್ಲ, ಒಂದು ಸಲವೂ ಆ ಬಾಗಿಲಿಗೆ ಹೋಗಿರಲಿಲ್ಲ. ಬರಿಗಾಲಲ್ಲಿ ಹಾಲ್‌ಗೆ ಓಡಿದೆ. ಗಂಡ, ಮಗಳು ಆಗಲೇ ಹೊರಟಿದ್ದರು. ಟಿ.ವಿ.ಯ ಸದ್ದನ್ನು ಪೂರ್ತಿ ಇಳಿಸಿ ಮಾವ ನೋಡುತ್ತಿದ್ದರು. ಸೋಫಾದಲ್ಲಿ ಅಲ್ಲ, ಊಟದ ಮೇಜಿನ ಹತ್ತಿರ. ಎಷ್ಟನೇ ಜಾಗವೋ ಅದು. ನನ್ನನ್ನು ಕಂಡವರೇ ಕೇಳುವ ಮೊದಲೇ ನಕ್ಕು ತೋರಿಸಿದರು, ಎರಡೂ ಕೈಯನ್ನು ಏರುವಷ್ಟು ಎತ್ತಿ ತೋರಿಸಿದರು.

ನಾಲ್ಕು ರನ್ ಹಿಂದಿದ್ದೇವೆ ಎಂದರು. ಪುಸ್ತಕದಲ್ಲಿ ಎರಡನೇ ಇನ್ನಿಂಗ್ಸ್‌ನ ಮೇಲೆ ಸೊಟ್ಟ ಅಕ್ಷರದಲ್ಲಿ 7-29 ಎಂದಿತ್ತು. ನನ್ನ ಆಫೀಸಿನ ರೈಲು ಆಗಲೇ ಹೋಗಿರಬೇಕು. ನಾನು ಕಾಫಿ ಇಡಲು ಹೋದೆ.